ಹಿಡಿದದ್ದು ನರವೇ

ಯಸಳೂರು ಕಡೆಯ ತೋಟಗಳಲ್ಲಿ ಜನವರಿ ಬಂತೆಂದರೆ ರೊಬಸ್ಟಾ ಕಾಫಿ ಕುಯ್ಲಿನ ಭರಾಟೆ. ಹಗಲೆಲ್ಲ ಇಳಿಜಾರಿನಲ್ಲಿ ಕಾಲೂರಿ, ಮೇಲಿನ ಕೊಂಬೆ ಬಗ್ಗಿಸಲು ತುದಿಗಾಲಲ್ಲಿ ನಿಂತು, ಸಂಜೆ ಹಣ್ಣಿನ ಮೂಟೆ ಹೊತ್ತು ಇಳಿದವರಿಗೆ ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮುಟ್ಟಿ ನೋಡಿದರೆ ಕಲ್ಲು. ಪಾದ ತಾನಾಗಿಯೇ ಕೆಳಕ್ಕೆ ಬಾಗಿರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇದಕ್ಕೆ “ನರ ಹಿಡ್ಕಂಡಿದೆ” ಎನ್ನುತ್ತಾರೆ. ಓದಿದವರು ‘ಸ್ನಾಯು ಸೆಳೆತ’ ಎಂದು ತಿದ್ದುತ್ತಾರೆ. ತಿದ್ದುವ ಅಗತ್ಯವೇನೂ ಇಲ್ಲ.

ನರದ ಅಪ್ಪಣೆಯಿಲ್ಲದೆ ಮೀನಖಂಡ ಬಿಗಿಯುವುದಿಲ್ಲ. ಬೆನ್ನುಹುರಿಯಿಂದ ಸಂಕೇತ ಬಂದಾಗ ಸ್ನಾಯುವಿನ ಎಳೆಗಳೊಳಗೆ ಕ್ಯಾಲ್ಸಿಯಂ ಹರಡುತ್ತದೆ. ಆಕ್ಟಿನ್, ಮಯೋಸಿನ್ ಎಂಬ ಪ್ರೊಟೀನುಗಳು ಒಂದರ ಮೇಲೊಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ. ಇಲ್ಲಿ ಇಬ್ಬರು ಮೇಸ್ತ್ರಿಗಳಿದ್ದಾರೆ. ಸ್ನಾಯುವಿನೊಳಗಿನ ಕದಿರಿನಾಕಾರದ ತಂತುಗಳು ‘ಎಳೆ’ ಎನ್ನುತ್ತವೆ. ಸ್ನಾಯು ಮತ್ತು ಅದರ ರಜ್ಜು ಕೂಡುವಲ್ಲಿರುವ ಗಾಲ್ಜಿ ಅಂಗಗಳು ‘ಸಾಕು, ಬಿಡು’ ಎನ್ನುತ್ತವೆ. ದಣಿದ ಸ್ನಾಯುವಿನಲ್ಲಿ ಮೊದಲನೆಯವನ ಕೂಗು ಜೋರಾಗಿ ಎರಡನೆಯವನ ದನಿ ಅಡಗುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಮಲಗಿದಾಗ ಕಂಬಳಿಯ ಭಾರಕ್ಕೆ ಪಾದ ಕೆಳಬಾಗಿ ರಜ್ಜು ಸಡಿಲವಾದರೆ ಗಾಲ್ಜಿ ಪೂರ್ತಿ ಮೌನ.

ಹಾಗಾಗಿ ಮದ್ದೂ ಅಲ್ಲೇ ಇದೆ. ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ಮೈ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಮೀನಖಂಡದ ದೊಡ್ಡ ಸ್ನಾಯು ಮಂಡಿಯ ಮೇಲಿನ ತೊಡೆಮೂಳೆಯಿಂದ ಹೊರಟು ಹಿಮ್ಮಡಿಗೆ ಇಳಿಯುವುದರಿಂದ, ಮಂಡಿ ಮಡಚಿದರೆ ಅದು ಚೆನ್ನಾಗಿ ಹಿಗ್ಗದು. ರಜ್ಜು ಬಿಗಿದಾಗ ಗಾಲ್ಜಿ ಬಾಯಿ ಬಿಡುತ್ತದೆ, ಗಂಟು ಕರಗುತ್ತದೆ. ಆಮೇಲೆ ನೀವಿ, ಬಿಸಿನೀರಿನ ಶಾಖ ಕೊಡಬಹುದು.

ನರದ ಪಾತ್ರಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. 2010ರಲ್ಲಿ ಅಮೆರಿಕದ ಸಂಶೋಧಕರು ಸೆಳೆತ ಬರಿಸಿ, ಉಪ್ಪಿನಕಾಯಿಯ ಹುಳಿನೀರು ಕುಡಿಸಿದರು. ಬರೀ ನೀರು ಕುಡಿದವರಿಗಿಂತ ಬೇಗ, ಸುಮಾರು ಒಂದೂವರೆ ನಿಮಿಷದಲ್ಲೇ ಸೆಳೆತ ಬಿಟ್ಟಿತು. ಅಷ್ಟರಲ್ಲಿ ಉಪ್ಪು ರಕ್ತಕ್ಕೆ ಸೇರಿರಲಿಲ್ಲ. ಹುಳಿ ತಗುಲಿದ ಬಾಯಿ, ಗಂಟಲಿನ ನರಗಳೇ ಬೆನ್ನುಹುರಿಯನ್ನು ಸುಮ್ಮನಾಗಿಸಿರಬೇಕು ಎಂದು ಅವರು ಊಹಿಸಿದರು.

ಮಲೇರಿಯಾ ಕಾಲದ ಕ್ವಿನೈನ್ ಗುಳಿಗೆಯೂ ಸೆಳೆತ ತಗ್ಗಿಸುತ್ತದೆ, ಆದರೆ ಹೃದಯಕ್ಕೂ ರಕ್ತಕ್ಕೂ ಅಪಾಯ ತರಬಲ್ಲದು. ಸ್ವಂತ ವೈದ್ಯ ಬೇಡ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಆಗಿರಬಹುದು. ನೀವುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಉಳಿದಂತೆ, ಮಲಗುವ ಮುನ್ನ ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದೆ ಬಾಗಿ. ಹಗಲೆಲ್ಲ ತುದಿಗಾಲಲ್ಲಿ ನಿಂತ ಕಾಲಿಗೆ ರಾತ್ರಿಯಾದರೂ ಹಿಮ್ಮಡಿ ಊರಲು ಬಿಡಿ.