ಶ್ರವಣ ಸಾಧನದ ಆಯ್ಕೆ

ಶ್ರವಣ ಸಾಧನವು ಹೊರಗಿನ ಧ್ವನಿಯನ್ನು ಮೈಕ್ರೊಫೋನಿನಿಂದ ಗ್ರಹಿಸಿ, ಅದನ್ನು ವರ್ಧಿಸಿ, ಪುಟ್ಟ ಸ್ಪೀಕರಿನ ಮೂಲಕ ಕಿವಿಯೊಳಕ್ಕೆ ತಲುಪಿಸುವ ವಿದ್ಯುನ್ಮಾನ ಉಪಕರಣ. ಆಡುಮಾತಿನಲ್ಲಿ ಇದನ್ನು 'ಕಿವಿಯ ಮೆಷಿನು' ಎನ್ನುವುದುಂಟು. ಕನ್ನಡಕ ಧರಿಸಿದೊಡನೆ ದೃಷ್ಟಿ ಸ್ಪಷ್ಟವಾಗುವಂತೆ ಇದರಿಂದ ಶ್ರವಣವು ಒಮ್ಮೆಲೇ ಮೊದಲಿನಂತಾಗುವುದಿಲ್ಲ. ಉಳಿದಿರುವ ಶ್ರವಣಶಕ್ತಿಯನ್ನು ಗರಿಷ್ಠ ಮಟ್ಟದಲ್ಲಿ ಬಳಸಿಕೊಳ್ಳಲು ನೆರವಾಗುವುದಷ್ಟೇ ಇದರ ಕೆಲಸ. ಆಯ್ಕೆ ತಪ್ಪಿದರೆ ಸಾವಿರಾರು ರೂಪಾಯಿ ತೆತ್ತು ಕೊಂಡ ಸಾಧನವು ಕಪಾಟಿನ ಡಬ್ಬಿಯಲ್ಲೇ ಉಳಿಯುತ್ತದೆ. ಧರಿಸಬೇಕಾದವರು ಮನೆಮಂದಿಯ ಮಾತುಕತೆಯಿಂದ ಮೆಲ್ಲಗೆ ದೂರವಾಗುತ್ತಾರೆ.

== ಮೊದಲು ಪರೀಕ್ಷೆ ==

ಸಾಧನವನ್ನು ಕೊಳ್ಳುವ ಮುನ್ನ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣುವುದು ಅಗತ್ಯ. ಗುಗ್ಗೆ ಕಟ್ಟಿಕೊಂಡದ್ದರಿಂದ ಕಿವಿ ಕೇಳಿಸದಿದ್ದರೆ ಅದನ್ನು ತೆಗೆಸಿದರೆ ಸಾಕಾಗಬಹುದು. ಕಿವಿ ಸೋರುತ್ತಿದ್ದರೆ ಅದಕ್ಕೆ ಮೊದಲು ಚಿಕಿತ್ಸೆಯಾಗಬೇಕು. ಒಂದೇ ಕಿವಿಯಲ್ಲಿ ಶ್ರವಣ ಕುಂದುವುದು, ಅದರೊಡನೆ ತಲೆಸುತ್ತು ಬರುವುದು ಇವು ಪರೀಕ್ಷಿಸಿಯೇ ತೀರಬೇಕಾದ ಲಕ್ಷಣಗಳು. ಒಂದೆರಡು ದಿನಗಳಲ್ಲಿ ಹಠಾತ್ತನೆ ಕಿವಿ ಕೇಳಿಸದಾದರೆ ಅದನ್ನು ತುರ್ತುಸ್ಥಿತಿಯೆಂದೇ ತಿಳಿಯಬೇಕು. ತಡವಾದಷ್ಟೂ ಗುಣವಾಗುವ ಸಾಧ್ಯತೆ ಕಡಿಮೆ.

ಬಳಿಕ ಶ್ರವಣ ತಜ್ಞರು ಪರೀಕ್ಷೆ ನಡೆಸಿ ಆಡಿಯೊಗ್ರಾಮ್ ಎಂಬ ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ವಿವಿಧ ಕಂಪನಾಂಕಗಳಲ್ಲಿ ಕೇಳಿಸುವ ಅತ್ಯಂತ ಮೆಲುವಾದ ಧ್ವನಿ ಎಷ್ಟು ಡೆಸಿಬಲ್ ಎಂಬುದನ್ನು ಇದು ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ವರದಿಯಲ್ಲಿ ನೀಡಿದ ವರ್ಗೀಕರಣದಂತೆ 20ರಿಂದ 35 ಡೆಸಿಬಲ್‌ವರೆಗಿನದು ಅಲ್ಪ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮ-ತೀವ್ರ, 65ರಿಂದ 80 ತೀವ್ರ, ಅದಕ್ಕೂ ಮೇಲಿನದು ಅತಿತೀವ್ರ ಅಥವಾ ಸಂಪೂರ್ಣ ಶ್ರವಣದೋಷ.

ಈ ಅಂಕಿಗಳಷ್ಟೇ ಸಾಲವು. ವಯೋಸಹಜ ಶ್ರವಣದೋಷದಲ್ಲಿ ಹಾಗೂ ಯಂತ್ರಗಳ ಸದ್ದಿನಿಂದ ಉಂಟಾದ ದೋಷದಲ್ಲಿ ಮೊದಲು ಕುಂದುವುದು ಉಚ್ಚ ಕಂಪನಾಂಕದ ಧ್ವನಿಗಳು. ಸ್ವರಗಳು ಕೇಳಿಸುತ್ತವೆ; ಸ, ಶ, ಚ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. 'ಸಾಲು', 'ಹಾಲು', 'ಕಾಲು' ಒಂದೇ ತೆರನಾಗಿ ತೋರುತ್ತವೆ. "ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ಇದೇ ಕಾರಣಕ್ಕೆ. ಎದುರಿನವರು ಬೊಬ್ಬೆ ಹೊಡೆದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆಯೇ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಎಲ್ಲ ಧ್ವನಿಗಳನ್ನೂ ಒಂದೇ ಸಮನೆ ಹೆಚ್ಚಿಸುವ ಅಗ್ಗದ ವರ್ಧಕಗಳ ದೋಷವೂ ಇದೇ.

ಪದಗಳನ್ನು ಕೇಳಿಸಿ ಗುರುತಿಸಲು ಹೇಳುವ ಪರೀಕ್ಷೆಯು ಕೇಳುವವರ ಮಾತೃಭಾಷೆಯಲ್ಲೇ ನಡೆಯುವುದು ಮೇಲು. ಸುಳ್ಯ, ಪುತ್ತೂರು, ಕಡಬ ಭಾಗಗಳಲ್ಲಿ ತುಳು, ಅರೆಭಾಷೆ, ಕನ್ನಡ, ಮಲಯಾಳಗಳನ್ನಾಡುವವರು ಒಟ್ಟಿಗೆ ಬಾಳುತ್ತಾರೆ. ಮನೆಯಲ್ಲಿ ತುಳುವನ್ನೇ ಆಡುವ ಅಜ್ಜಿಗೆ ಅಪರಿಚಿತವಾದ ಗ್ರಾಂಥಿಕ ಪದಗಳನ್ನು ಕೇಳಿಸಿದರೆ, ದೋಷ ಕಿವಿಯದೋ ಪದದ್ದೋ ತಿಳಿಯದು.

== ವಿಧಗಳು ==

ಜೇಬಿನಲ್ಲಿಟ್ಟುಕೊಂಡು ತಂತಿಯ ಮೂಲಕ ಕಿವಿಗೆ ಜೋಡಿಸುವ ಸಾಧನ ಈಗ ಅಪರೂಪ. ಬಟ್ಟೆ ತಗುಲಿದ ಸದ್ದೂ ಅದರಲ್ಲಿ ಕೇಳಿಸುತ್ತದೆ. ಆದರೆ ಗುಂಡಿಗಳು ದೊಡ್ಡವಾದ್ದರಿಂದ ಕೈ ನಡುಗುವವರಿಗೆ ಸುಲಭ. ಕಿವಿಯ ಹಿಂದೆ ಕೂರುವ ಸಾಧನವು ಅಲ್ಪದಿಂದ ಅತಿತೀವ್ರದವರೆಗಿನ ದೋಷಗಳಿಗೆ ಒದಗುತ್ತದೆ. ಇದರದೇ ಇನ್ನೊಂದು ರೂಪದಲ್ಲಿ ಸ್ಪೀಕರು ಕಿವಿಯ ನಾಳದೊಳಗೆ ಇರುತ್ತದೆ. ನೋಡಲು ನಾಜೂಕು, ಆದರೆ ಗುಗ್ಗೆ ಮತ್ತು ತೇವದಿಂದ ಬೇಗ ಕೆಡುತ್ತದೆ. ನಾಳದೊಳಗೆ ಪೂರ್ತಿ ಅಡಗುವ ಸಾಧನವು ಹೊರಗೆ ಕಾಣದು. ತೀವ್ರ ದೋಷಕ್ಕೆ ಅದರ ಶಕ್ತಿ ಸಾಲದು, ಅದರ ಬ್ಯಾಟರಿಯೂ ತೀರ ಚಿಕ್ಕದು. ಹೊರಕಿವಿ ಬೆಳೆಯದವರಿಗೆ ಮೂಳೆಯ ಮೂಲಕ ಧ್ವನಿ ಸಾಗಿಸುವ ಸಾಧನಗಳಿವೆ. ಸಾಧನದಿಂದ ಪ್ರಯೋಜನವಾಗದಷ್ಟು ದೋಷವಿದ್ದಲ್ಲಿ ಶಸ್ತ್ರಚಿಕಿತ್ಸೆಯಿಂದ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲಾಗುತ್ತದೆ.

ಚಿಕ್ಕದಾದಷ್ಟೂ ಉತ್ತಮ ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ಯಾಟರಿಯನ್ನು ಸ್ವತಃ ಬದಲಿಸಲಾಗದ ವೃದ್ಧರಿಗೆ ಕಾಣದಷ್ಟು ಚಿಕ್ಕ ಸಾಧನವನ್ನು ಕೊಡಿಸುವುದು ಮಕ್ಕಳ ಮರ್ಯಾದೆಗೆ ಹೊಂದೀತು, ಹಿರಿಯರ ಕಿವಿಗಲ್ಲ.

ಪೂರ್ಣ ಡಿಜಿಟಲ್ ಸಾಧನಗಳು 1996ರ ಸುಮಾರಿಗೆ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಧ್ವನಿಯನ್ನು ಹಲವು ಚಾನೆಲುಗಳಾಗಿ ವಿಂಗಡಿಸಿ, ಆಡಿಯೊಗ್ರಾಮಿಗೆ ಅನುಸಾರವಾಗಿ ಒಂದೊಂದನ್ನೂ ಬೇರೆಬೇರೆ ಪ್ರಮಾಣದಲ್ಲಿ ವರ್ಧಿಸಬಹುದು. ಚಾನೆಲುಗಳ ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ಕೆಲವು ಸಾವಿರ ರೂಪಾಯಿಗಳಿಂದ ಲಕ್ಷಕ್ಕೂ ಮೇಲ್ಪಟ್ಟು ಬೆಲೆಯ ಸಾಧನಗಳಿವೆ. ಮನೆಯಂಗಳದಲ್ಲಿ ಒಬ್ಬಿಬ್ಬರೊಡನೆ ಮಾತನಾಡುವವರಿಗೆ ಸರಳ ಮಾದರಿಯೇ ಸಾಕು. ಸಭೆ, ಮದುವೆ, ಸಹಕಾರಿ ಸಂಘದ ಮಹಾಸಭೆಗಳಲ್ಲಿ ಓಡಾಡುವವರಿಗೆ ಎದುರಿನ ಮಾತನ್ನು ಎತ್ತಿಹಿಡಿಯುವ ದಿಕ್ಸೂಚಿ ಮೈಕ್ರೊಫೋನು ಉಪಯುಕ್ತ. ತಾಳಮದ್ದಳೆಯ ಅರ್ಥಗಾರಿಕೆಯನ್ನು ಆಲಿಸುವವರು ಅದನ್ನು ತಜ್ಞರಿಗೆ ಮೊದಲೇ ತಿಳಿಸಬೇಕು. ಚೆಂಡೆಯ ಏರುದನಿಯೂ ಮಾತಿನ ಇಳಿದನಿಯೂ ಸರದಿಯಲ್ಲಿ ಬರುವಲ್ಲಿ ಗರಿಷ್ಠ ಮಿತಿಯ ಹೊಂದಾಣಿಕೆ ಮುಖ್ಯವಾಗುತ್ತದೆ.

ಎರಡೂ ಕಿವಿಗಳಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಸಾಧನ ಬೇಕು; ಧ್ವನಿಯ ದಿಕ್ಕನ್ನು ಅರಿಯಲು ಅದು ಅವಶ್ಯ.

== ಮಳೆನಾಡಿನಲ್ಲಿ ==

ಪಶ್ಚಿಮಘಟ್ಟದ ತಪ್ಪಲಿನ ಕೊಲ್ಲಮೊಗ್ರು, ಹರಿಹರ ಪಳ್ಳತ್ತಡ್ಕ, ಕಲ್ಮಕಾರುಗಳಂತಹ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವವಾಗಿರುತ್ತದೆ. ಮಾರಾಟದ ಕೈಪಿಡಿಗಳಲ್ಲಿ ಇದಕ್ಕೆ ಹೆಚ್ಚಿನ ಸ್ಥಾನವಿಲ್ಲ, ಆದರೆ ಇಲ್ಲಿನ ಬಳಕೆದಾರರಿಗೆ ಇದು ಚಾನೆಲುಗಳ ಸಂಖ್ಯೆಗಿಂತ ದೊಡ್ಡ ಸಂಗತಿ. ತೇವನಿರೋಧಕ ಮಾದರಿಯನ್ನೇ ಕೇಳಿ ಪಡೆಯಬೇಕು. ರಾತ್ರಿ ಸಾಧನವನ್ನು ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಬೇಕು. ಒಲೆಯ ಮೇಲಿನ ಅಟ್ಟದಲ್ಲೋ ಬಿಸಿಲಿನಲ್ಲೋ ಒಣಗಿಸಿದರೆ ಒಳಭಾಗಗಳು ಹಾಳಾಗುತ್ತವೆ. ತೋಟದ ಕೆಲಸದಲ್ಲಿ ತಲೆಗೆ ಸುತ್ತಿದ ಬೈರಾಸು ಕಿವಿಯನ್ನು ಮುಚ್ಚಿದರೆ ಸಾಧನ ಸಿಳ್ಳೆ ಹಾಕುವುದುಂಟು. ಹುಲ್ಲು ಕತ್ತರಿಸುವ ಯಂತ್ರ ನಡೆಸುವಾಗಲಂತೂ ಸಾಧನವನ್ನು ತೆಗೆದಿಟ್ಟು ಸದ್ದು ತಡೆಯುವ ಕಿವಿಮುಚ್ಚಿಗೆ ಧರಿಸಬೇಕು.

ಗಾಳಿಮಳೆಗೆ ವಿದ್ಯುತ್ ಕೈಕೊಡುವ ಕಡೆ ಚಾರ್ಜ್ ಮಾಡುವ ಸಾಧನಕ್ಕಿಂತ ಬ್ಯಾಟರಿ ಬದಲಿಸುವ ಸಾಧನ ಹೆಚ್ಚು ನಂಬಿಕೆಗೆ ಅರ್ಹ. ಇದರ ಸತು-ವಾಯು ಬ್ಯಾಟರಿಗಳು ಚೀಟಿ ಕಿತ್ತೊಡನೆ ಗಾಳಿ ಸೇರಿ ಕೆಲಸ ಆರಂಭಿಸುತ್ತವೆ. ಆಮೇಲೆ ಬಳಸದಿದ್ದರೂ ಸವೆಯುತ್ತವೆ. ಅಳತೆಯನ್ನು ಚೀಟಿಯ ಬಣ್ಣದಿಂದ ಗುರುತಿಸಬಹುದು: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ.

== ಮಕ್ಕಳು ==

ಮಗು ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಅಂಗೀಕೃತ ಗುರಿ. ಮಾತು ಕಲಿಯುವ ವಯಸ್ಸು ಕಳೆದ ಮೇಲೆ ಸಾಧನ ತೊಡಿಸಿದರೆ ಫಲ ಕಡಿಮೆ. ಹಿಂದಿನ ಬೆಂಚಿನಲ್ಲಿ ಕುಳಿತು ಕರೆದರೆ ಓಗೊಡದ ಮಗುವನ್ನು ದಡ್ಡನೆಂದು ಬಗೆದ ಉದಾಹರಣೆಗಳು ಶಾಲೆಗಳಲ್ಲಿ ಸಾಕಷ್ಟಿವೆ. ಮಕ್ಕಳಿಗೆ ಕಿವಿಯ ಹಿಂದಿನ ಸಾಧನವೇ ಸೂಕ್ತ. ಕಿವಿ ಬೆಳೆದಂತೆ ಅಚ್ಚನ್ನು ಮಾತ್ರ ಬದಲಿಸಿದರಾಯಿತು.

== ಸೌಲಭ್ಯಗಳು ==

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪರೀಕ್ಷೆ, ಸಾಧನದ ಆಯ್ಕೆ ಹಾಗೂ ತರಬೇತಿಗಳಿಗೆ ದೇಶದಲ್ಲೇ ಪ್ರಮುಖ ಕೇಂದ್ರ. ಮಂಗಳೂರಿನಲ್ಲಿಯೂ ವಾಕ್ ಶ್ರವಣ ಕಾಲೇಜುಗಳಿವೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಆದಾಯಮಿತಿಗೆ ಒಳಪಟ್ಟ ಅಂಗವಿಕಲರಿಗೆ ಹಾಗೂ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಅರ್ಹ ಹಿರಿಯ ನಾಗರಿಕರಿಗೆ ಶ್ರವಣ ಸಾಧನ ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾತಿನ ಕಂಪನಾಂಕಗಳಲ್ಲಿ ಎರಡೂ ಕಿವಿಗಳಿಗೆ 60ರಿಂದ 70 ಡೆಸಿಬಲ್ ದೋಷವಿದ್ದವರನ್ನು ಮಂದಶ್ರವಣವುಳ್ಳವರೆಂದೂ, 70 ಡೆಸಿಬಲ್ ದೋಷವಿದ್ದವರನ್ನು ಕಿವುಡರೆಂದೂ ಗುರುತಿಸುತ್ತದೆ.

ಹಣ ಪಾವತಿಸುವ ಮುನ್ನ ಪ್ರಾಯೋಗಿಕ ಬಳಕೆಗೆ ಅವಕಾಶವಿದೆಯೇ, ದುರಸ್ತಿ ಎಲ್ಲಿ ಎಂದು ವಿಚಾರಿಸಬೇಕು. ಧರಿಸಿದ ಮೊದಲ ದಿನಗಳಲ್ಲಿ ತಟ್ಟೆ ಲೋಟಗಳ ಸದ್ದು, ಮಳೆಯ ಸದ್ದು, ಸ್ವಂತ ದನಿ ಎಲ್ಲವೂ ಅತಿಯೆನಿಸುತ್ತವೆ. ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ, ಕೆಲವು ವಾರಗಳಲ್ಲಿ ಹೊತ್ತನ್ನು ಹೆಚ್ಚಿಸುತ್ತ, ನಡುವೆ ಒಂದೆರಡು ಬಾರಿಯಾದರೂ ತಜ್ಞರಲ್ಲಿಗೆ ಹೋಗಿ ಹೊಂದಾಣಿಕೆಯನ್ನು ತಿದ್ದಿಸಿಕೊಳ್ಳಬೇಕಾಗುತ್ತದೆ.