ಪುಣ್ಯದ ಖಾತೆ, ವಿಮಾನದ ಟಿಕೆಟ್ಟು

ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಅಂಕಗಳನ್ನು ಕೊಡುತ್ತ ಬಂದವನು ನಾನು. ನನಗೂ ಯಾರಾದರೂ ಅಂಕ ಕೊಟ್ಟಾರೆಂಬ ನಿರೀಕ್ಷೆ ನನ್ನಲ್ಲಿರಲಿಲ್ಲ. ಆದುದರಿಂದ ಐದು ವರ್ಷಗಳ ಹಿಂದೆ ಬ್ಯಾಂಕಿನ ತರುಣನೊಬ್ಬನು ನಮ್ಮ ಅಧ್ಯಾಪಕರ ಕೊಠಡಿಗೆ ಬಂದು, “ಸಾರ್, ಈ ಕ್ರೆಡಿಟ್ ಕಾರ್ಡಿನಲ್ಲಿ ನೀವು ಖರ್ಚು ಮಾಡುವ ಪ್ರತಿ ನೂರು ರೂಪಾಯಿಗೆ ಎರಡು ಪಾಯಿಂಟು ಕೊಡುತ್ತೇವೆ. ಪಾಯಿಂಟು ಕೂಡಿದರೆ ಪುಕ್ಕಟೆಯಾಗಿ ವಿಮಾನದಲ್ಲಿ ಹೋಗಬಹುದು” ಎಂದಾಗ ನನಗೆ ನಗು ಬಂದಿತು. ನನ್ನ ಬಾಲ್ಯದಲ್ಲಿ ಅಂಗಡಿಗಳ ಗೋಡೆಯ ಮೇಲೆ “ಇಂದು ನಗದು, ನಾಳೆ ಸಾಲ” ಎಂಬ ಹಲಗೆ ತೂಗುತ್ತಿತ್ತು. ಸಾಲ ಕೇಳುವವನು ತಲೆ ತಗ್ಗಿಸಿ ನಿಲ್ಲಬೇಕಾಗಿದ್ದ ಕಾಲವದು. ಸಾಲ ಮಾಡಿದವನಿಗೆ ಬಹುಮಾನ ಕೊಡುವ ಕಾಲವೂ ಬಂದಿತಲ್ಲಾ ಎಂದು ಸೋಜಿಗಪಡುತ್ತಲೇ ನಾನು ಅರ್ಜಿಗೆ ಸಹಿ ಹಾಕಿದೆನು.

ಆ ತರುಣನ ಮಾತಿಗೆ ನಾನು ಸೋತುದಕ್ಕೆ ಕಾರಣವೊಂದಿತ್ತು. ನಮ್ಮ ತಾಯಿಯವರ ಒಬ್ಬರೇ ತಂಗಿ ದೆಹಲಿಯಲ್ಲಿದ್ದಾರೆ. ಚಿಕ್ಕಪ್ಪನವರು ಕೇಂದ್ರ ಸರಕಾರದ ನೌಕರಿಯಿಂದ ನಿವೃತ್ತರಾದ ಮೇಲೂ ಅಲ್ಲಿಯೇ ನೆಲಸಿದರು. ಹಿಂದೆ ಅಕ್ಕತಂಗಿಯರು ಮೂರು ನಾಲ್ಕು ವರ್ಷಕ್ಕೊಮ್ಮೆಯಾದರೂ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಒಬ್ಬರನ್ನೊಬ್ಬರು ನೋಡಿ ಬರುತ್ತಿದ್ದರು. ಈಗ ತಾಯಿಯವರಿಗೆ ಎಪ್ಪತ್ತು ದಾಟಿದೆ. ಮಂಡಿನೋವಿನಿಂದ ರೈಲಿನ ಮೆಟ್ಟಿಲು ಹತ್ತುವುದೇ ಕಷ್ಟ. ಬೆಂಗಳೂರಿನಿಂದ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಆದರೆ ಆ ಮಾತೆತ್ತಿದಾಗಲೆಲ್ಲ ಅವರು, “ಅಷ್ಟು ದುಡ್ಡನ್ನು ಗಾಳಿಗೆ ತೂರಬೇಡಪ್ಪ” ಎನ್ನುತ್ತಿದ್ದರು. ದುಡ್ಡಿಲ್ಲದೆ ಹೋಗಬಹುದಂತೆ ಎಂದು ನಾನು ಹೇಳಿದ ದಿನ ಮಾತ್ರ, “ಹಾಗಾದರೆ ಬರುತ್ತೇನೆ” ಎಂದು ಒಪ್ಪಿದರು.

ಈ ವ್ಯವಹಾರದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಕಾರ್ಡಿನಿಂದ ಹಣ ಪಾವತಿ ಮಾಡಿದಾಗ ಬ್ಯಾಂಕು ನಮ್ಮ ಹೆಸರಿನಲ್ಲಿ ಕೆಲವು ಪಾಯಿಂಟುಗಳನ್ನು ಬರೆದುಕೊಳ್ಳುತ್ತದೆ. ಎಲ್ಲ ಖರ್ಚಿಗೂ ಅಲ್ಲ. ಪೆಟ್ರೋಲು, ಮನೆಬಾಡಿಗೆ ಮೊದಲಾದುವನ್ನು ಅನೇಕ ಬ್ಯಾಂಕುಗಳು ಹೊರಗಿಟ್ಟಿವೆ. ಕೂಡಿದ ಪಾಯಿಂಟುಗಳನ್ನು ಟಿಕೆಟ್ಟಾಗಿ ಮಾರ್ಪಡಿಸಲು ಎರಡು ದಾರಿಗಳುಂಟು. ಪಾಯಿಂಟಿಗೆ ಇಷ್ಟು ಪೈಸೆ ಎಂಬ ದರದಲ್ಲಿ ಬ್ಯಾಂಕಿನ ಮೂಲಕವೇ ಟಿಕೆಟ್ಟು ಕೊಳ್ಳುವುದು ಒಂದು. ಪಾಯಿಂಟುಗಳನ್ನು ವಿಮಾನ ಕಂಪನಿಯ ಸದಸ್ಯತ್ವದ ಖಾತೆಗೆ ವರ್ಗಾಯಿಸಿ, ಅವು ಅಲ್ಲಿ ‘ಮೈಲಿ’ಗಳಾದ ಮೇಲೆ ಆಸನ ಹಿಡಿಯುವುದು ಇನ್ನೊಂದು. ಮೊದಲನೆಯದು ಸುಲಭ, ಲಾಭ ಕಡಿಮೆ. ಎರಡನೆಯದರಲ್ಲಿ ಲಾಭ ಹೆಚ್ಚಿರಬಹುದು, ಆದರೆ ಒಮ್ಮೆ ವರ್ಗಾಯಿಸಿದುದು ಸಾಮಾನ್ಯವಾಗಿ ಹಿಂದಿರುಗದು. ವರ್ಗಾವಣೆಗೆ ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಮೈಲಿ ಕೊಟ್ಟು ಪಡೆಯುವ ಆಸನಗಳು ಬೇಕಾದ ದಿನ ಇದ್ದೇ ಇರುತ್ತವೆಂಬ ಭರವಸೆಯಿಲ್ಲ. ಸಿಕ್ಕರೂ ತೆರಿಗೆಯನ್ನೂ ವಿಮಾನ ನಿಲ್ದಾಣದ ಶುಲ್ಕವನ್ನೂ ನಾವು ಹಣವಾಗಿಯೇ ತೆರಬೇಕು. ‘ಪುಕ್ಕಟೆ’ ಎಂಬ ಮಾತಿಗೆ ಬ್ಯಾಂಕಿನ ನಿಘಂಟಿನಲ್ಲಿ ಬೇರೆಯೇ ಅರ್ಥವುಂಟು.

ನಮ್ಮ ರಸ್ತೆಗಳ ಬದಿಯಿಂದ ಮಾಯವಾಗಿ ದಶಕಗಳೇ ಕಳೆದ ಮೈಲಿ ಈ ಲೆಕ್ಕದಲ್ಲಿ ಉಳಿದಿರುವುದಕ್ಕೆ ಕಾರಣ, ಇದು ಅಮೆರಿಕದಲ್ಲಿ ಬೆಳೆದ ಪದ್ಧತಿಯಾಗಿರುವುದು. ೧೮೯೬ರಲ್ಲಿಯೇ ಅಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಕಂಪನಿಯು ಅಂಗಡಿಗಳ ಮೂಲಕ ಹಸಿರು ಚೀಟಿಗಳನ್ನು ಹಂಚತೊಡಗಿತು. ಗಿರಾಕಿಗಳು ಅವನ್ನು ಪುಸ್ತಕದಲ್ಲಿ ಅಂಟಿಸಿಟ್ಟುಕೊಂಡು, ಪುಸ್ತಕ ತುಂಬಿದ ಮೇಲೆ ಪಾತ್ರೆಪಡಗಗಳನ್ನು ಪಡೆಯುತ್ತಿದ್ದರು. ೧೯೮೧ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಹಾರಿದ ಮೈಲಿಗಳನ್ನು ಎಣಿಸಿ ಬಹುಮಾನ ಕೊಡುವ ತನ್ನ ಯೋಜನೆಯನ್ನು ಆರಂಭಿಸಿತು. ೧೯೮೭ರಲ್ಲಿ ಸಿಟಿಬ್ಯಾಂಕು ಅದರೊಡನೆ ಸೇರಿ ಕಾರ್ಡು ಹೊರಡಿಸಿತು. ಅಲ್ಲಿಂದ ಮುಂದೆ ಮೈಲಿ ಗಳಿಸಲು ಹಾರಬೇಕಾದ ಅಗತ್ಯವೂ ಇಲ್ಲವಾಯಿತು, ಅಕ್ಕಿ ಬೇಳೆ ಕೊಂಡರೂ ಸಾಕಾಯಿತು. ೧೯೯೯ರಲ್ಲಿ ಕ್ಯಾಲಿಫೋರ್ನಿಯದ ಎಂಜಿನಿಯರೊಬ್ಬನು ಆಹಾರದ ಕಂಪನಿಯೊಂದರ ಜಾಹೀರಾತನ್ನು ಓದಿ, ಸುಮಾರು ಮೂರು ಸಾವಿರ ಡಾಲರು ತೆತ್ತು ೧೨,೧೫೦ ಬಟ್ಟಲು ಪುಡ್ಡಿಂಗನ್ನು ಕೊಂಡು, ಹನ್ನೆರಡು ಲಕ್ಷಕ್ಕೂ ಮೀರಿದ ಮೈಲಿಗಳನ್ನು ಸಂಪಾದಿಸಿದನು. ನಮ್ಮಲ್ಲಿ ಕ್ರೆಡಿಟ್ ಕಾರ್ಡನ್ನು ಹೊರಡಿಸಿದ ಮೊದಲ ಬ್ಯಾಂಕು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ಅದು ೧೯೮೦ರ ಮಾತು. ೨೦೨೪ರ ಹೊತ್ತಿಗೆ ದೇಶದಲ್ಲಿ ಚಲಾವಣೆಯಲ್ಲಿದ್ದ ಕಾರ್ಡುಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತು. ಆ ಹತ್ತು ಕೋಟಿಯಲ್ಲಿ ನನ್ನದೂ ಒಂದು.

ಪುಡ್ಡಿಂಗಿನ ಸಾಹಸ ನನ್ನಿಂದಾಗುವಂತಿರಲಿಲ್ಲ. ದಿನಸಿ, ಔಷಧಿ, ಪುಸ್ತಕ, ಮಗಳ ಶಾಲೆಯ ಶುಲ್ಕ ಇವುಗಳಿಂದಲೇ ಮೂರು ವರ್ಷಗಳಲ್ಲಿ ಎಂಟು ಲಕ್ಷ ರೂಪಾಯಿಯಷ್ಟು ಕಾರ್ಡಿನ ಮೂಲಕ ಹೋಯಿತು. ಅದಕ್ಕೆ ೧೬,೦೦೦ ಪಾಯಿಂಟು, ಸೇರಿದಾಗ ಕೊಟ್ಟ ಉಡುಗೊರೆ ೪,೦೦೦, ಒಟ್ಟು ೨೦,೦೦೦. ಆಗ ಒಂದು ಪಾಯಿಂಟಿಗೆ ಒಂದು ಮೈಲಿ. ದೆಹಲಿಗೆ ಒಬ್ಬರು ಒಂದು ಸಲ ಹೋಗಲು ೫,೦೦೦ ಮೈಲಿ. ತಾಯಿ ಮಗ ಇಬ್ಬರೂ ಹೋಗಿ ಬರುವುದಕ್ಕೆ ಲೆಕ್ಕ ಸರಿಯಾಗಿತ್ತು.

ಹೊರಟುಬಿಡಬೇಕಾಗಿದ್ದುದು ಆಗಲೇ. ಆದರೆ ನಮ್ಮ ಕಾಲೇಜಿನ ವಾಣಿಜ್ಯಶಾಸ್ತ್ರದ ಅಧ್ಯಾಪಕ ಮಿತ್ರರು, “ದೆಹಲಿಗೆ ಹೋಗಲು ಇವನ್ನು ಕಳೆಯುವುದೆ? ಪಾಯಿಂಟಿಗೆ ಒಂದು ರೂಪಾಯಿಯ ಬೆಲೆಯೂ ಹುಟ್ಟುವುದಿಲ್ಲ. ಇನ್ನಷ್ಟು ಕೂಡಿಸಿ ವಿದೇಶಕ್ಕೆ ಹೋಗಿ, ಎರಡು ರೂಪಾಯಿ ಹುಟ್ಟುತ್ತದೆ” ಎಂದರು. ವಿದೇಶಕ್ಕೆ ಹೋಗಲು ನನಗೆ ಯಾವ ಕಾರಣವೂ ಇರಲಿಲ್ಲ. ಆದರೂ ಒಂದು ರೂಪಾಯಿಗಿಂತ ಎರಡು ರೂಪಾಯಿ ದೊಡ್ಡದೆಂಬ ಗಣಿತವು ನನ್ನ ತಲೆಯಲ್ಲಿ ಹೊಕ್ಕು ಕುಳಿತಿತು. ತಾಯಿಯವರು ಕೇಳಿದಾಗ, “ಇನ್ನೂ ಸ್ವಲ್ಪ ಕೂಡಲಿ” ಎಂದೆನು. ಅವರು ಮತ್ತೆ ಕೇಳಲಿಲ್ಲ. ಪ್ರತಿ ತಿಂಗಳೂ ಮೊತ್ತವನ್ನು ತೆರೆದು ನೋಡುವುದು ನನಗೊಂದು ಸುಖವಾಯಿತು. ಹಳೆಯ ಕಾಲದ ಜಿಪುಣರು ರಾತ್ರಿ ಎದ್ದು ಹುಗಿದ ಕೊಪ್ಪರಿಗೆಯನ್ನು ಮುಟ್ಟಿ ನೋಡುತ್ತಿದ್ದರೆಂದು ಕೇಳಿದ್ದೇವಷ್ಟೆ. ಅವರನ್ನು ನೋಡಿ ನಗುವ ಅಧಿಕಾರವನ್ನು ನಾನು ಕಳೆದುಕೊಂಡಿದ್ದೇನೆ.

ಹೀಗೆ ಒಂದು ವರ್ಷ ಕಳೆಯಿತು. ಮೊತ್ತ ೨೪,೦೦೦ಕ್ಕೆ ಏರಿತು. ಆ ಬೇಸಗೆಯಲ್ಲಿ ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ಊರು ಬಿಟ್ಟು ಹೋಗಿದ್ದೆನು. ಹಿಂದಿರುಗಿ ಅಂಚೆಯನ್ನು ತೆರೆದಾಗ ಬ್ಯಾಂಕಿನ ವಿನಯಪೂರ್ಣವಾದ ಪತ್ರವೊಂದು ಕಾದಿತ್ತು. ‘ತಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸುವ ಸಲುವಾಗಿ’ ತಿಂಗಳ ಒಂದನೆಯ ತಾರೀಖಿನಿಂದ ಎರಡು ಪಾಯಿಂಟಿಗೆ ಒಂದು ಮೈಲಿ ಎಂದು ಅದರಲ್ಲಿ ಬರೆದಿತ್ತು. ಒಂದನೆಯ ತಾರೀಖು ಕಳೆದು ನಾಲ್ಕು ದಿನಗಳಾಗಿದ್ದುವು. ಪರರ ಅಂಕಗಳನ್ನು ಕೂಡುತ್ತಿದ್ದ ಹೊತ್ತಿನಲ್ಲಿ ನನ್ನ ಅಂಕಗಳು ಅರ್ಧವಾಗಿದ್ದುವು.

ಅದಾದ ಎರಡು ತಿಂಗಳಿಗೆ ದೆಹಲಿಯಿಂದ ರಾತ್ರಿ ಫೋನು ಬಂದಿತು. ಚಿಕ್ಕಮ್ಮನವರಿಗೆ ಪಾರ್ಶ್ವವಾಯು ತಗುಲಿತ್ತು. ಮೈಲಿಯ ಆಸನಗಳನ್ನು ಹುಡುಕಿದೆನು. ಮರುದಿನಕ್ಕೂ ಇರಲಿಲ್ಲ, ಅದರ ಮರುದಿನಕ್ಕೂ ಇರಲಿಲ್ಲ. ಇದ್ದಿದ್ದರೂ ವರ್ಗಾವಣೆಗೆ ಮೂರು ದಿನ ಬೇಕಾಗಿತ್ತು. ತಲೆಗೆ ೧೩,೦೦೦ದಂತೆ ೨೬,೦೦೦ ರೂಪಾಯಿ ತೆತ್ತು ಟಿಕೆಟ್ಟು ಕೊಂಡೆವು. ತಾಯಿಯವರು ಬೆಲೆಯನ್ನು ಕೇಳಲಿಲ್ಲ. ಕಾರ್ಡಿನಿಂದಲೇ ಕೊಂಡುದರಿಂದ ಆ ಪ್ರಯಾಣಕ್ಕೂ ೫೨೦ ಪಾಯಿಂಟುಗಳು ಬಂದುವು. ಅವನ್ನು ಖಾತೆಯಲ್ಲಿ ನೋಡಿದಾಗ ನನಗೆ ಆದ ನಾಚಿಕೆಯನ್ನು ಇಲ್ಲಿ ಬಣ್ಣಿಸಲಾರೆನು.

ಚಿಕ್ಕಮ್ಮನವರ ಜೀವ ಉಳಿಯಿತು. ಮಾತು ಹೋಯಿತು. ಆರು ದಿನ ತಾಯಿಯವರು ಆಸ್ಪತ್ರೆಯ ಮಂಚದ ಬಳಿ ತಂಗಿಯ ಕೈ ಹಿಡಿದು ಕುಳಿತು, ಊರಿನ ಸುದ್ದಿಯನ್ನೂ ಹಿತ್ತಲಿನ ಸಂಪಗೆಯ ಮರದ ಸುದ್ದಿಯನ್ನೂ ಹೇಳಿದರು. ತಂಗಿ ಕೇಳಿದರು. ಕೆಲವೊಮ್ಮೆ ನಕ್ಕರು, ಕೆಲವೊಮ್ಮೆ ಕಣ್ಣೀರು ತಂದುಕೊಂಡರು. ಹಿಂದಿರುಗುವಾಗ ವಿಮಾನದಲ್ಲಿ ತಾಯಿಯವರು ಕಿಟಕಿಯ ಕಡೆ ಮುಖ ಮಾಡಿಕೊಂಡು, “ಹೋದ ವರ್ಷ ಬಂದಿದ್ದರೆ ಅವಳೂ ಮಾತನಾಡುತ್ತಿದ್ದಳು” ಎಂದರು. ಅದರಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಪಾಯಿಂಟೆಂಬುದು ನಾಣ್ಯವಲ್ಲ, ವಾಗ್ದಾನ. ನಾಣ್ಯವನ್ನು ಟಂಕಿಸುವ ಸರಕಾರವೂ ಅದರ ಬೆಲೆಯನ್ನು ಪತ್ರವೊಂದರಿಂದ ರಾತ್ರೋರಾತ್ರಿ ಅರ್ಧಕ್ಕಿಳಿಸಲು ಹಿಂಜರಿಯುತ್ತದೆ. ಪಾಯಿಂಟನ್ನು ಹುಟ್ಟಿಸುವವನಿಗೆ ಆ ಹಿಂಜರಿಕೆಯಿಲ್ಲ. ಇಂಥ ಊರಿಗೆ ಇಷ್ಟು ಮೈಲಿ ಎಂದು ತಿಳಿಸುತ್ತಿದ್ದ ಪಟ್ಟಿಯನ್ನು ಅಮೆರಿಕದ ಡೆಲ್ಟಾ ಕಂಪನಿಯು ೨೦೧೫ರಲ್ಲಿ ತೆಗೆದುಹಾಕಿತು. ಅಂದಿನಿಂದ ಅಲ್ಲಿ ಆ ದಿನದ ಬೆಲೆಯೇ ಬೆಲೆ. ಅದೇ ಕಂಪನಿಯು ೨೦೨೦ರ ಮಹಾಮಾರಿಯ ಕಾಲದಲ್ಲಿ ತನ್ನ ಮೈಲಿಯ ಯೋಜನೆಯನ್ನೇ ಒತ್ತೆಯಿಟ್ಟು ೯೦೦ ಕೋಟಿ ಡಾಲರು ಸಾಲ ಎತ್ತಿತು. ನಮ್ಮ ಪಾಲಿಗೆ ಕಡ್ಡಿಯಂತೆ ಕಾಣುವುದು ಅವರ ಪಾಲಿಗೆ ಕಣಜ. ನಮ್ಮ ದೇಶದಲ್ಲಿ ಕಿಂಗ್‌ಫಿಷರ್ ೨೦೧೨ರಲ್ಲಿ ಹಾರಾಟ ನಿಲ್ಲಿಸಿತು, ಜೆಟ್ ಏರ್‌ವೇಸ್ ೨೦೧೯ರಲ್ಲಿ ನಿಲ್ಲಿಸಿತು. ಹಾರದ ವಿಮಾನದಲ್ಲಿ ಯಾವ ಮೈಲಿಗೂ ಆಸನವಿಲ್ಲ.

ನಮ್ಮ ಹಿರಿಯರು ಪುಣ್ಯದ ವಿಷಯದಲ್ಲಿ ಇದನ್ನೆಲ್ಲ ಮೊದಲೇ ಅರಿತಿದ್ದರು. ಯಯಾತಿ ಮಹಾರಾಜನು ಗಳಿಸಿದ ಪುಣ್ಯದಿಂದ ಸ್ವರ್ಗಕ್ಕೇರಿದನು. ಅಲ್ಲಿ ಇಂದ್ರನೆದುರು ತನಗೆ ಸಮಾನರಿಲ್ಲವೆಂದು ಹೆಮ್ಮೆ ನುಡಿದು, ಪುಣ್ಯ ಸವೆದು, ತಲೆಕೆಳಗಾಗಿ ಬಿದ್ದನು. ಮಗಳ ಮಕ್ಕಳಾದ ಅಷ್ಟಕನೇ ಮೊದಲಾದವರು ತಮ್ಮ ತಮ್ಮ ಪುಣ್ಯವನ್ನು ಅವನಿಗೆ ಕೊಡಲು ಮುಂದಾದುದರಿಂದ ಮತ್ತೆ ಮೇಲಕ್ಕೇರಿದನು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇತ್ತೀಚೆಗೆ ಹೇಳುವಾಗ ಹೊಸದೊಂದು ಪ್ರಶ್ನೆ ಹುಟ್ಟಿತು. ನನ್ನನ್ನು ಮೇಲಕ್ಕೇರಿಸಲು ಪುಣ್ಯ ಕೊಡುತ್ತಿರುವವರು ಯಾರು?

ಮೊದಲನೆಯವರು ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರು. ಒಮ್ಮೆ ಅವರು ಸಂಕೋಚದಿಂದಲೇ, “ಮೇಷ್ಟ್ರೇ, ಫೋನಿನಿಂದ ಕಳಿಸಿದರೆ ನಿಮ್ಮ ನೂರು ನನಗೆ ನೂರಾಗಿಯೇ ಬರುತ್ತದೆ. ಈ ಕಾರ್ಡು ಉಜ್ಜಿದರೆ ನೂರಕ್ಕೆ ಎರಡು ರೂಪಾಯಿಯ ಹತ್ತಿರ ಹೋಗುತ್ತದೆ. ಬೇಳೆಯಲ್ಲಿ ನನಗೆ ಉಳಿಯುವುದೇ ಎಷ್ಟು ಹೇಳಿ?” ಎಂದಿದ್ದರು. ನನ್ನ ಎರಡು ಪಾಯಿಂಟುಗಳ ಒರತೆ ಎಲ್ಲಿದೆಯೆಂಬುದು ಅಂದು ತಿಳಿಯಿತು. ಎರಡನೆಯವನು ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕ. ಸಂಬಳ ತಿಂಗಳುಗಟ್ಟಲೆ ತಡವಾಗಿ ಬರುವ ಹುದ್ದೆ. ಮಗುವಿನ ಕಾಯಿಲೆಗೆ ಕಾರ್ಡಿನಿಂದ ೩೦,೦೦೦ ಖರ್ಚು ಮಾಡಿದ್ದನು. ಪೂರ್ಣ ತೀರಿಸಲಾರದೆ ತಿಂಗಳಿಗೆ ಕನಿಷ್ಠ ಮೊತ್ತವಾದ ೧,೫೦೦ ಕಟ್ಟುತ್ತಿದ್ದನು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಎಂದರೆ ವರ್ಷಕ್ಕೆ ನಲವತ್ತೆರಡು. ಕಟ್ಟಿದುದರಲ್ಲಿ ಸಾವಿರಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ಒಂದೇ ಕಾರ್ಡು ಗಡುವಿನೊಳಗೆ ತೀರಿಸುವ ನನಗೆ ಬಹುಮಾನವನ್ನೂ ತೀರಿಸಲಾರದ ಅವನಿಗೆ ದಂಡವನ್ನೂ ಕೊಡುತ್ತದೆ. ಅಷ್ಟಕನು ತಾತನಿಗೆ ತಿಳಿದು ಕೊಟ್ಟನು. ಇವರಿಬ್ಬರೂ ತಿಳಿಯದೆ ಕೊಡುತ್ತಿದ್ದಾರೆ.

ಹಾಗೆಂದು ನಾನು ಕಾರ್ಡನ್ನು ಮುರಿದೆಸೆಯಲಿಲ್ಲ. ಶೆಟ್ಟರಿಗೆ ಈಗ ಫೋನಿನಿಂದಲೇ ಹಣ ಕಳಿಸುತ್ತೇನೆ. ಆ ತರುಣನಿಗೆ ಸಹಕಾರ ಸಂಘದಿಂದ ಕಡಿಮೆ ಬಡ್ಡಿಯ ಸಾಲ ಕೊಡಿಸಿ ಕಾರ್ಡಿನ ಬಾಕಿಯನ್ನು ತೀರಿಸಿದ್ದಾಯಿತು. ಪಾಯಿಂಟಿಗಾಗಿ ಬೇಡದ ವಸ್ತುವನ್ನು ಕೊಳ್ಳಬಾರದು, ಬಾಕಿಯನ್ನು ಒಂದು ದಿನವೂ ಉಳಿಸಬಾರದು, ಕೂಡಿದುದನ್ನು ಇರುವ ಕೆಲಸಕ್ಕೆ ಬೇಗನೆ ಬಳಸಿಬಿಡಬೇಕು. ನಾಲ್ಕು ವರ್ಷಗಳ ವ್ಯಾಸಂಗದಿಂದ ನಾನು ಕಲಿತ ಮೂರು ಪಾಠಗಳು ಇಷ್ಟೆ.

ಉಳಿದ ೧೨,೦೦೦ ಮೈಲಿಗಳು ಒಬ್ಬರು ದೆಹಲಿಗೆ ಹೋಗಿ ಬರಲು ಸಾಕಾಗುತ್ತಿದ್ದುವು. ಕಳೆದ ಚಳಿಗಾಲದಲ್ಲಿ ತಾಯಿಯವರೊಬ್ಬರೇ ಹೊರಟರು. ನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಕಾಯುತ್ತಿದ್ದಾಗ, “ಇದಕ್ಕೆ ಎಷ್ಟು ಕೊಟ್ಟೆಯಪ್ಪ?” ಎಂದು ಕೇಳಿದರು. ತೆರಿಗೆಯೆಂದು ಸಾವಿರ ಚಿಲ್ಲರೆ ಎಂದೆನು. “ಉಳಿದದ್ದನ್ನು ಯಾರು ಕೊಟ್ಟರು?” ಎಂದರು. ನಾನು ಶೆಟ್ಟರ ಸಂಗತಿಯನ್ನೂ ಆ ಹುಡುಗನ ಸಂಗತಿಯನ್ನೂ ಹೇಳಿದೆನು. ಅವರು ಏನೂ ಮಾತನಾಡದೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಹೋದರು.

ತಂಗಿಯ ಮನೆಯಲ್ಲಿ ಒಂದು ತಿಂಗಳಿದ್ದರು. ಚಿಕ್ಕಮ್ಮನವರಿಗೆ ಈಗ ನಾಲ್ಕಾರು ಮಾತುಗಳು ಹಿಂದಿರುಗಿವೆಯಂತೆ, ಅವುಗಳಲ್ಲಿ ‘ಅಕ್ಕ’ ಎಂಬುದು ಒಂದು. ಊರಿಗೆ ಬಂದ ದಿನ ತಾಯಿಯವರು ಚೀಲದಿಂದ ಎರಡು ಪೊಟ್ಟಣ ಮಿಠಾಯಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಒಂದು ಶೆಟ್ಟರಿಗೆ, ಇನ್ನೊಂದು ಆ ಹುಡುಗನ ಮಗುವಿಗೆ. ನನಗೆಂದು ಅವರು ಏನನ್ನೂ ತಂದಿರಲಿಲ್ಲ.