ಇಗತಪುರಿಯಲ್ಲಿ ಹೊಸ ಕೆಲಸವೇ? ಆಕ್ಸೆಸ್ ಕಾರ್ಡ್ ತಡವಾಗಬಾರದೆಂದರೆ ಮೊದಲು ಹೆಸರು ನೋಡಿಕೊಳ್ಳಿ

ನಾಸಿಕ್ ಜಿಲ್ಲೆಯ ಇಗತಪುರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೂ ಗೇಟ್ ದಾಟಲು ಆಕ್ಸೆಸ್ ಕಾರ್ಡ್ ಬೇಕು. ದಿನಗೂಲಿ ಲೆಕ್ಕದ ಗುತ್ತಿಗೆ ಕಾರ್ಮಿಕರಿಗಂತೂ ಒಳಗೆ ಹೋಗದ ದಿನ ಹಾಜರಿಯೂ ಇಲ್ಲ, ಕೂಲಿಯೂ ಇಲ್ಲ.

ಕಾರ್ಡ್ ಮುದ್ರಿಸಲು ಕೆಲವೇ ನಿಮಿಷ ಸಾಕು. ತಡವಾಗುವುದು ದಾಖಲೆ ಪರಿಶೀಲನೆಯಲ್ಲಿ. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಭಾಗ ಬರೆಯುವುದು ರೂಢಿ. ಹಳೇ ಮೈಸೂರು ಭಾಗದ ಅನೇಕರಿಗೆ ಇರುವುದು ಇನಿಷಿಯಲ್ ಮಾತ್ರ. ಫಾರಂ ತುಂಬುವಾಗ ಅದನ್ನೇ ವಿಸ್ತರಿಸಿ ಬರೆದರೆ ಆಧಾರ್, ಪ್ಯಾನ್, ಪಾಸ್‌ಬುಕ್ ಒಂದಕ್ಕೊಂದು ತಾಳೆಯಾಗದೆ ಅರ್ಜಿ ವಾಪಸ್ ಬರಬಹುದು. ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ. ಅಲ್ಲೇ ತಪ್ಪಿದ್ದರೆ ಊರು ಬಿಡುವ ಮುನ್ನ ಸರಿಪಡಿಸಿಕೊಳ್ಳಿ. ಸಾಮಾನ್ಯವಾಗಿ ಹೆಸರು ಬದಲಿಸಲು ಎರಡು, ಜನ್ಮದಿನಾಂಕಕ್ಕೆ ಒಂದೇ ಅವಕಾಶ.

ಪೊಲೀಸ್ ಪರಿಶೀಲನಾ ಪತ್ರ ಕೇಳುವ ಕಂಪನಿಗಳೂ ಇವೆ. ಕರ್ನಾಟಕದ ವಿಳಾಸವಿದ್ದವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹಿಂದೆ ಪಿಎಫ್ ಇದ್ದರೆ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ. ಹೊಸದಕ್ಕೆ 2025ರ ಆಗಸ್ಟ್‌ನಿಂದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣ ಬೇಕು.

ಎಲ್ಲ ಕೊಟ್ಟರೂ ಕಾರ್ಡ್ ಬಾರದಿದ್ದರೆ? ತಾತ್ಕಾಲಿಕ ಪಾಸ್ ಕೇಳಿ. ನೇಮಕಾತಿ ಪತ್ರವನ್ನೂ ಬಿಡಬೇಡಿ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಡಿ ಅದು ಕಡ್ಡಾಯ. ಕಾಯಿಸಿದ ದಿನಗಳ ಕೂಲಿಗೆ ತಕರಾರು ಬಂದರೆ ಸೇರಿದ ದಿನಾಂಕಕ್ಕೆ ಅದೇ ಪುರಾವೆ.